ಶುಗರ್ ಇಳಿಯದಿದ್ದರೆ ಬಾಯಿಯನ್ನಷ್ಟೇ ಬೈಯಬೇಡಿ, ಕುತ್ತಿಗೆಯನ್ನೂ ನೋಡಿ

ಸೋಮವಾರ ಮತ್ತು ಗುರುವಾರ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಸುಗ್ಗಿಯ ಹೊತ್ತಿನಲ್ಲಿ ಆ ಎರಡು ದಿನ ಊರಿಗೆ ಬಂದವರ ಮೂಗಿಗೆ ಮೊದಲು ಬಡಿಯುವುದು ಘಾಟು. ಚೀಲ ಹೊರುವ ಹಮಾಲರು, ಟೆಂಡರ್ ಹಾಕುವ ವರ್ತಕರು, ದರ ಎಷ್ಟಾಯಿತೆಂದು ಕಾಯುವ ರೈತರು ಎಲ್ಲರ ಕಣ್ಣಿಗೂ ಕಾಣುತ್ತಾರೆ. ಗೋದಾಮಿನ ಒಳಗೆ ರಾಶಿಯ ಸುತ್ತ ಕುಳಿತು, ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ತುಂಬು ಬಿಡಿಸುವ ಹೆಂಗಸರು ಅಷ್ಟಾಗಿ ಕಾಣುವುದಿಲ್ಲ.

ನಮ್ಮ ಬಳಗದ ಒಬ್ಬಾಕೆಯ ಚಿಗವ್ವ ಅವರಲ್ಲಿ ಒಬ್ಬರು. ವಯಸ್ಸು ಐವತ್ತರ ಮೇಲೆ. ಶುಗರ್ ಬಂದು ಎಂಟು ವರ್ಷ. ಹೆಸರು ಬರೆಯಬೇಡಿ ಅಂದಿದ್ದಾರೆ, ಬರೆಯುವುದಿಲ್ಲ. ಆದರೆ ಅವರ ಕಥೆ ಹೇಳಲೇಬೇಕು. ಯಾಕೆಂದರೆ ಅದು ಅವರೊಬ್ಬರದ್ದಲ್ಲ.

ಎರಡು ವರ್ಷದ ಹಿಂದೆ ಚಿಗವ್ವನ ಶುಗರ್ ಹಿಡಿತ ತಪ್ಪಿತು. ಮೂರು ತಿಂಗಳ ಶುಗರ್ ಪರೀಕ್ಷೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಏರುತ್ತಾ ಹೋಯಿತು. ತೋರಿಸಿದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ.

"ಏನ ತಿಂತೀಯವ್ವಾ?"

"ಜ್ವಾಳದ ರೊಟ್ಟಿ, ಪಲ್ಯೆ. ಅನ್ನ ಒಂದ ಹೊತ್ತರೀ."

"ಸುಳ್ಳ ಹೇಳಬ್ಯಾಡ. ಹಬ್ಬದಾಗ ಹೋಳಿಗಿ ತಿಂದಿರಬೇಕ ನೋಡು."

ಮನೆಯಲ್ಲೂ ಅದೇ ಮಾತು. ಮಗ ಬೈದ, ಸೊಸೆ ಸಕ್ಕರೆ ಡಬ್ಬಿ ಎತ್ತಿಟ್ಟಳು. ಪತ್ರಿಕೋದ್ಯಮ ಓದಿದ ನಮ್ಮ ಗೆಳತಿಯೂ ಫೋನಿನಲ್ಲಿ ಬೈದವಳೇ. ಅದನ್ನು ಇವತ್ತು ಅವಳೇ ಹೇಳಿಕೊಳ್ಳುತ್ತಾಳೆ.

ಚಿಗವ್ವ ಮಾತ್ರ ಬೇರೆ ಏನೋ ಹೇಳುತ್ತಿದ್ದರು. "ಮೈ ಭಾರ ಆಗೈತಿ. ಬಿಸಲಾಗ ಕುಂತರೂ ಥಂಡಿ ಹತ್ತತೈತಿ. ಕೂದಲ ಹಿಡಿದಷ್ಟು ಬರಾಕ ಹತ್ಯಾವು. ಹೊಟ್ಟಿ ಸಾಫ್ ಆಗವಲ್ದು." ಬೆಳಗ್ಗೆ ಎದ್ದರೆ ಮುಖ ಬಾತಿರುತ್ತಿತ್ತು. ದನಿ ಗೊಗ್ಗರಾಗಿತ್ತು. "ಶುಗರ್ ಇದ್ದವರಿಗೆ ಹಂಗ ಆಗ್ತದ", "ವಯಸ್ಸಾತು", "ಮೆಣಸಿನಕಾಯಿ ಘಾಟಿಗೆ ದನಿ ಹೋಗೈತಿ" ಎಂದು ಎಲ್ಲರೂ ಅದನ್ನು ಪಕ್ಕಕ್ಕೆ ಸರಿಸಿದರು. ಶುಗರ್ ಗುಳಿಗೆಯ ಪ್ರಮಾಣ ಹೆಚ್ಚಾಯಿತು.

ಒಂದು ಮಧ್ಯಾಹ್ನ ಗೋದಾಮಿನಲ್ಲಿ ತುಂಬು ಬಿಡಿಸುತ್ತಿದ್ದವರು ಬೆವತು, ಕೈ ನಡುಗಿ, ರಾಶಿಯ ಮೇಲೆಯೇ ವಾಲಿದರು. ಪಕ್ಕದ ಹೆಣ್ಣುಮಗಳಿಗೆ ಬುದ್ಧಿ ಓಡಿತು. ಚಹಾದ ಅಂಗಡಿಯಿಂದ ಸಕ್ಕರೆ ತರಿಸಿ ನೀರಲ್ಲಿ ಕದಡಿ ಕುಡಿಸಿದಳು. ಶುಗರ್ ಏರಿದೆ ಎಂದು ಬೈಸಿಕೊಳ್ಳುತ್ತಿದ್ದ ಹೆಂಗಸು ಅವತ್ತು ಬಿದ್ದದ್ದು ಶುಗರ್ ಕುಸಿದು.

ಆಮೇಲೆ ಹಾವೇರಿಯಲ್ಲಿ ತೋರಿಸಿದಾಗ ಅಲ್ಲಿನ ವೈದ್ಯೆ ಏನು ತಿಂದಿರಿ ಎಂದು ಕೇಳುವ ಮೊದಲು ಕುತ್ತಿಗೆ ಮುಟ್ಟಿ ನೋಡಿದರು. ಥಂಡಿ ಆಗುತ್ತದೆಯೇ, ಕೂದಲು ಉದುರುತ್ತದೆಯೇ ಎಂದು ಕೇಳಿದರು. ಟಿ.ಎಸ್.ಎಚ್. ಎಂಬ ಒಂದು ರಕ್ತಪರೀಕ್ಷೆ ಬರೆದರು. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಂತು. ಚಿಗವ್ವನ ಥೈರಾಯ್ಡ್ ಗ್ರಂಥಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿತ್ತು.

ನಾವು ಈ ಲೇಖನದಲ್ಲಿ ಹೇಳಬೇಕಾದ್ದು ಇಷ್ಟೇ. ಶುಗರ್ ರೋಗಿಯ ಲೆಕ್ಕ ತಪ್ಪಿದಾಗ ಆಕೆಯನ್ನು ಸುಳ್ಳುಗಾರ್ತಿ ಮಾಡುವ ಮೊದಲು ಒಮ್ಮೆ ಥೈರಾಯ್ಡ್ ನೋಡಿ. ಮನೆಯವರಿಗೂ, ಆರೋಗ್ಯ ಇಲಾಖೆಗೂ, ನಮಗೂ ಇದೇ ಮಾತು.

ಎರಡಕ್ಕೂ ಏನು ಸಂಬಂಧ?

ಥೈರಾಯ್ಡ್ ನಮ್ಮ ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಗಂಟಿನ ಕೆಳಗೆ, ಪಾತರಗಿತ್ತಿಯ ಆಕಾರದಲ್ಲಿ ಇರುವ ಚಿಕ್ಕ ಗ್ರಂಥಿ. ದೇಹದ ಎಲ್ಲ ಕೆಲಸ ಯಾವ ವೇಗದಲ್ಲಿ ನಡೆಯಬೇಕು ಎಂಬುದನ್ನು ಅದರ ಹಾರ್ಮೋನು ತೀರ್ಮಾನಿಸುತ್ತದೆ. ಎದೆಬಡಿತ, ಜೀರ್ಣ, ಮೈಬಿಸಿ ಎಲ್ಲವೂ ಅದರ ಮಾತು ಕೇಳುತ್ತವೆ. ಸಕ್ಕರೆಯನ್ನು ಬಳಸುವ ಕೆಲಸವೂ ಅದರಲ್ಲಿ ಸೇರಿದೆ.

ಈ ಗ್ರಂಥಿ ಜೋರಾದರೆ ಕರುಳು ಸಕ್ಕರೆಯನ್ನು ಬೇಗ ಹೀರುತ್ತದೆ, ಲಿವರ್ ಹೆಚ್ಚು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಬೇಗ ಖರ್ಚಾಗುತ್ತದೆ. ಶುಗರ್ ಏರುತ್ತದೆ.

ಗ್ರಂಥಿ ನಿಧಾನವಾದರೆ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಲಿವರ್ ಸಕ್ಕರೆ ಬಿಡುವುದು ಕಡಿಮೆಯಾಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮಿಪಿರೈಡ್‌ನಂಥ ಗುಳಿಗೆ ನುಂಗುವವರಿಗೆ ಶುಗರ್ ತಟ್ಟನೆ ಕುಸಿಯುವ ಅಪಾಯ ಇರುತ್ತದೆ. ಇನ್ನೊಂದು ಕಡೆ ಮಾಂಸಖಂಡಗಳು ಸಕ್ಕರೆಯನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಹಾಗಾಗಿ ಒಂದು ದಿನ ಏರಿಕೆ, ಒಂದು ದಿನ ಇಳಿಕೆ.

ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಮೂರು ತಿಂಗಳ ಶುಗರ್ ಎನ್ನುವ ಎಚ್‌ಬಿಎ1ಸಿ ಪರೀಕ್ಷೆ ನೋಡುವುದು ಕೆಂಪು ರಕ್ತಕಣಗಳಿಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು. ಒಂದು ಕಣದ ಆಯುಸ್ಸು ಸುಮಾರು 120 ದಿನ. ಥೈರಾಯ್ಡ್ ನಿಧಾನವಾದಾಗ ಹೊಸ ಕಣಗಳು ಹುಟ್ಟುವುದು ಕಡಿಮೆಯಾಗಿ ಹಳೇ ಕಣಗಳೇ ಹೆಚ್ಚು ಉಳಿಯುತ್ತವೆ. ಹಳೇ ಕಣಕ್ಕೆ ಸಕ್ಕರೆ ಹೆಚ್ಚು ಅಂಟಿರುತ್ತದೆ. ಆದ್ದರಿಂದ ನಿಜವಾದ ಶುಗರ್‌ಗಿಂತ ಕಾಗದದ ಮೇಲಿನ ಅಂಕಿ ಸ್ವಲ್ಪ ಹೆಚ್ಚು ತೋರಿಸಬಹುದು. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಆದವರಲ್ಲೂ ಹೀಗೇ ಆಗುತ್ತದೆ. ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ.

ಈಗ ಚಿಗವ್ವನ ಕಥೆಯನ್ನು ಮತ್ತೊಮ್ಮೆ ನೋಡಿ. ಕಾಗದದಲ್ಲಿ ಅಂಕಿ ಏರಿತು. ಅದನ್ನು ನಂಬಿ ಗುಳಿಗೆ ಏರಿಸಿದರು. ಒಳಗೆ ಥೈರಾಯ್ಡ್ ನಿಧಾನವಾಗಿತ್ತು, ಗುಳಿಗೆಯ ಬಲ ಹೆಚ್ಚಾಯಿತು, ಆಕೆ ಬಿದ್ದರು. ಇದರಲ್ಲಿ ಹೋಳಿಗೆಯ ತಪ್ಪು ಏನೂ ಇರಲಿಲ್ಲ.

ಒಂದರ ಲಕ್ಷಣದಲ್ಲಿ ಇನ್ನೊಂದು ಅಡಗುತ್ತದೆ

ಸುಸ್ತು, ತೂಕದಲ್ಲಿ ಹೆಚ್ಚುಕಡಿಮೆ, ಕೈಕಾಲು ಜೋಮು, ಮುಟ್ಟಿನ ಏರುಪೇರು, ಮನಸ್ಸು ಮಂಕಾಗುವುದು. ಇವು ಶುಗರ್‌ನಲ್ಲೂ ಬರುತ್ತವೆ, ಥೈರಾಯ್ಡ್‌ನಲ್ಲೂ ಬರುತ್ತವೆ. ಒಮ್ಮೆ ಶುಗರ್ ರೋಗಿ ಎಂಬ ಚೀಟಿ ಬಿದ್ದ ಮೇಲೆ ಎಲ್ಲವನ್ನೂ ಅದರ ಲೆಕ್ಕಕ್ಕೇ ಬರೆದುಬಿಡುತ್ತೇವೆ.

ಇದು ಹೆಂಗಸರಿಗೆ ಮಾತ್ರ ಆಗುವುದೂ ಅಲ್ಲ. ರಾಣೇಬೆನ್ನೂರು ಕಡೆ ಬೀಜದ ಪ್ಲಾಟ್ ಮಾಡುವ ಒಬ್ಬ ಅಣ್ಣಾರು ನಮಗೆ ಪರಿಚಯ. ಆರು ತಿಂಗಳಲ್ಲಿ ಸೊರಗಿ ಕಡ್ಡಿಯಾದರು. ಎದೆ ಡವಡವ, ಕೈ ನಡುಕ, ಎಷ್ಟು ಉಂಡರೂ ಹಸಿವು. "ಶುಗರ್ ಮೈ ತಿನ್ನಾಕ ಹತ್ತೈತಿ" ಎಂದುಕೊಂಡು ಊಟ ಇನ್ನೂ ಕಡಿಮೆ ಮಾಡಿದರು. ಕೊನೆಗೆ ಗೊತ್ತಾಯಿತು, ಅವರ ಥೈರಾಯ್ಡ್ ವಿಪರೀತ ಜೋರಾಗಿತ್ತು. ಅದಕ್ಕೆ ಔಷಧಿ ಶುರುವಾದ ಮೇಲೆ ಶುಗರ್ ಗುಳಿಗೆಯೂ ಕಡಿಮೆಯಾಯಿತು. ಅಂದರೆ ಮನುಷ್ಯ ಅರೆಹೊಟ್ಟೆಯಲ್ಲಿ ಇದ್ದದ್ದೆಲ್ಲ ದಂಡ.

ಥೈರಾಯ್ಡ್ ನಿಧಾನವಾದರೆ ಕೆಟ್ಟ ಕೊಲೆಸ್ಟ್ರಾಲ್ ಕೂಡ ಏರುತ್ತದೆ. ಶುಗರ್ ಇದ್ದವರ ಹೃದಯ, ರಕ್ತನಾಳಗಳು ಮೊದಲೇ ಅಪಾಯದಲ್ಲಿರುತ್ತವೆ. ಎರಡೂ ಸೇರಿದರೆ ಆ ಅಪಾಯ ಹೆಚ್ಚುತ್ತದೆ. ಇದಕ್ಕೇ ನಾವು ಇದನ್ನು ಬರೀ ಸುಸ್ತಿನ ವಿಷಯ ಎಂದು ಬಿಡಲು ಒಪ್ಪುವುದಿಲ್ಲ.

ಚಿಕ್ಕ ವಯಸ್ಸಿನಲ್ಲೇ ಬರುವ ಟೈಪ್ 1 ಶುಗರ್‌ನಲ್ಲಿ ನಂಟು ಇನ್ನೂ ಹತ್ತಿರದ್ದು. ರೋಗಾಣುಗಳ ಮೇಲೆ ಹೋರಾಡಬೇಕಾದ ದೇಹದ ರಕ್ಷಣಾಪಡೆ ದಾರಿ ತಪ್ಪಿ ಇನ್ಸುಲಿನ್ ಮಾಡುವ ಕಣಗಳನ್ನೇ ನಾಶ ಮಾಡುವುದರಿಂದ ಆ ಕಾಯಿಲೆ ಬರುತ್ತದೆ. ಅದೇ ಪಡೆ ಥೈರಾಯ್ಡ್ ಮೇಲೂ ತಿರುಗಿ ಬೀಳುವುದುಂಟು. ಹಾಗಾಗಿ ಟೈಪ್ 1 ಗೊತ್ತಾದ ಮಕ್ಕಳಿಗೆ ಆಗಲೇ ಒಮ್ಮೆ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಥೈರಾಯ್ಡ್ ನೋಡಬೇಕು ಎಂದು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಮಗು ಇದ್ದರೆ, ಬೆಳವಣಿಗೆ ನಿಂತಂತೆ ಕಂಡರೆ, ಈ ಮಾತು ನೆನಪಿಡಿ.

ಒಂದು ತಪ್ಪು ತಿಳಿವಳಿಕೆಯೂ ಬೇಡ. ಶುಗರ್ ಇದ್ದವರಿಗೆಲ್ಲ ಥೈರಾಯ್ಡ್ ಬರುತ್ತದೆ ಎಂದಲ್ಲ. ಎರಡೂ ನಮ್ಮಲ್ಲಿ ಸಾಮಾನ್ಯವಾಗಿವೆ, ಎರಡೂ ಒಬ್ಬರಲ್ಲೇ ಇರುವುದು ಅಪರೂಪವಲ್ಲ, ಇದ್ದಾಗ ಒಂದು ಇನ್ನೊಂದನ್ನು ಕೆಡಿಸುತ್ತದೆ. ಅಷ್ಟೇ.

ಹಳ್ಳಿಯಲ್ಲಿ ಒಂದನ್ನು ಹುಡುಕುತ್ತೇವೆ, ಇನ್ನೊಂದನ್ನು ಬಿಡುತ್ತೇವೆ

ಐಸಿಎಂಆರ್ ದೇಶದಾದ್ಯಂತ ನಡೆಸಿದ ಅಧ್ಯಯನದ ಲೆಕ್ಕ 2023ರಲ್ಲಿ ಬಂತು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಶುಗರ್ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಥೈರಾಯ್ಡ್ ಬಗ್ಗೆ ಜನ ಹೆಚ್ಚಾಗಿ ಎತ್ತಿ ಹೇಳುವುದು 2013ರಲ್ಲಿ ಪ್ರಕಟವಾದ ಅಧ್ಯಯನವನ್ನು. ಅದರಲ್ಲಿ ನೂರು ಮಂದಿ ವಯಸ್ಕರಲ್ಲಿ ಸುಮಾರು 11 ಮಂದಿಗೆ ಥೈರಾಯ್ಡ್ ನಿಧಾನವಾಗಿತ್ತು. ಆದರೆ ಆ ಅಧ್ಯಯನ ನಡೆದದ್ದು ಎಂಟು ನಗರಗಳಲ್ಲಿ. ಮೋಟೆಬೆನ್ನೂರು, ಕಾಗಿನೆಲೆ, ಕದರಮಂಡಲಗಿಯಂಥ ಊರುಗಳ ಹೆಂಗಸರು ಆ ಲೆಕ್ಕದಲ್ಲಿಲ್ಲ.

ಶುಗರ್ ಹುಡುಕುವ ಕೆಲಸ ಹಳ್ಳಿಗೆ ಬಂದಿದೆ, ಅದನ್ನು ಒಪ್ಪಿಕೊಳ್ಳಬೇಕು. 30 ದಾಟಿದವರಿಗೆ ಬಿ.ಪಿ., ಶುಗರ್, ಕೆಲವು ಕ್ಯಾನ್ಸರ್‌ಗಳ ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ಆಶಾ ಅಕ್ಕನವರು ಮನೆಮನೆಗೆ ಬಂದು ಫಾರ್ಮ್ ತುಂಬುತ್ತಾರೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಶುರು ಮಾಡಿದ ಗೃಹ ಆರೋಗ್ಯ ಯೋಜನೆ ತಪಾಸಣೆಯನ್ನು ಮನೆ ಬಾಗಿಲಿಗೇ ತರುವ ಯೋಜನೆ. ಬೆರಳು ಚುಚ್ಚಿ ಒಂದು ನಿಮಿಷದಲ್ಲಿ ಶುಗರ್ ಹೇಳುತ್ತಾರೆ. ಇದು ಸಣ್ಣ ಕೆಲಸವಲ್ಲ.

ಆದರೆ ಶುಗರ್ ಪತ್ತೆಯಾದ ಮೇಲೆ ಏನು? ತಿಂಗಳಿಗೊಮ್ಮೆ ಗುಳಿಗೆ, ಅಂಕಿ ಏರಿದರೆ ಬೈಗುಳ. ಅಂಕಿ ಯಾಕೆ ಏರಿತು ಎಂದು ಹುಡುಕುವ ಮುಂದಿನ ಹೆಜ್ಜೆ ಇಲ್ಲ.

ನಾವು ಪತ್ರಕರ್ತರೂ ಇದರಲ್ಲಿ ಪಾಲುದಾರರು. 2024ರ ಮಾರ್ಚ್‌ನಲ್ಲಿ ದರ ಕುಸಿದು ಮಾರುಕಟ್ಟೆಯಲ್ಲಿ ಬೆಂಕಿ ಬಿದ್ದಾಗ ರಾಜ್ಯದ ಕ್ಯಾಮೆರಾಗಳೆಲ್ಲ ಬ್ಯಾಡಗಿಗೆ ಬಂದವು. ಬರಬೇಕಾದ್ದೇ. 2011ರಲ್ಲಿ ನಮ್ಮ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದ್ದನ್ನು ಇವತ್ತಿಗೂ ಹೆಮ್ಮೆಯಿಂದ ಬರೆಯುತ್ತೇವೆ. ಆ ಕಾಯಿಯ ತುಂಬು ಬಿಡಿಸಿದ ಕೈ ಯಾಕೆ ನಡುಗುತ್ತದೆ ಎಂದು ಮಾತ್ರ ನಾವು ಕೇಳಲಿಲ್ಲ.

ಹಾಗಾದರೆ ಎಲ್ಲರಿಗೂ ಪರೀಕ್ಷೆ ಮಾಡಿಸಬೇಕೆ?

ಇಲ್ಲ. ಈ ಮಾತನ್ನು ಒತ್ತಿ ಹೇಳುತ್ತೇವೆ. ಇಡೀ ಮೈ ತಪಾಸಣೆ, ಎಪ್ಪತ್ತು ಪರೀಕ್ಷೆ ಒಂದೇ ದರಕ್ಕೆ ಎನ್ನುವ ಪ್ಯಾಕೇಜುಗಳ ಬ್ಯಾನರ್ ಈಗ ತಾಲ್ಲೂಕು ಊರುಗಳಲ್ಲೂ ಕಾಣುತ್ತವೆ. ಕೂಲಿಯ ದುಡ್ಡು ಅದಕ್ಕೆ ಸುರಿಯಬೇಡಿ.

ವೈದ್ಯರು ಹೇಳುವ ಎಚ್ಚರಿಕೆಯೂ ಸರಿಯೇ. ವಯಸ್ಸಾದವರಲ್ಲಿ ಟಿ.ಎಸ್.ಎಚ್. ಸ್ವಲ್ಪ ಹೆಚ್ಚು ಬರುವುದು ಸಹಜ. ಅಷ್ಟಕ್ಕೇ ಗುಳಿಗೆ ಶುರು ಮಾಡಿದರೆ ಎದೆಬಡಿತ ತಪ್ಪುವ, ಎಲುಬು ಸವೆಯುವ ತೊಂದರೆ ಬರಬಹುದು. ಅನುಮಾನ ಇದ್ದಾಗ ಕೆಲವು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿ ನೋಡುವುದೇ ಒಳ್ಳೆಯ ಪದ್ಧತಿ.

ನಾವು ಕೇಳುತ್ತಿರುವುದು ಒಂದು ಪರೀಕ್ಷೆ, ಅದೂ ಬೇಕಾದವರಿಗೆ. ಶುಗರ್ ಇದ್ದವರಲ್ಲಿ ಇಂಥವರು ವೈದ್ಯರನ್ನು ಕೇಳಬೇಕು:

– ಊಟ, ಗುಳಿಗೆ ಸರಿಯಿದ್ದರೂ ಶುಗರ್ ಕಾರಣವಿಲ್ಲದೆ ಏರುವವರು ಅಥವಾ ಪದೇಪದೇ ಕುಸಿಯುವವರು
– ಥಂಡಿ ತಾಳದಿರುವುದು, ಮುಖ ಬಾವು, ಮಲಬದ್ಧತೆ, ಕೂದಲು ಉದುರುವುದು, ದನಿ ಒಡೆಯುವುದು ಇರುವವರು
– ಎದೆ ಡವಡವ, ಕೈ ನಡುಕ, ಸೆಕೆ ತಾಳದಿರುವುದು, ಕಾರಣವಿಲ್ಲದೆ ಸೊರಗುವುದು ಇರುವವರು
– ಕುತ್ತಿಗೆಯಲ್ಲಿ ಗಂಟು ಅಥವಾ ಊತ ಕಾಣುವವರು
– ಮನೆತನದಲ್ಲಿ ಥೈರಾಯ್ಡ್ ಇರುವವರು, ಕೊಲೆಸ್ಟ್ರಾಲ್ ಇಳಿಯದವರು
– ಗರ್ಭಿಣಿಯರು, ಗರ್ಭಕ್ಕೆ ಕಾಯುತ್ತಿರುವವರು
– ಟೈಪ್ 1 ಇರುವ ಮಕ್ಕಳು, ದೊಡ್ಡವರು

ಈ ಪರೀಕ್ಷೆಗೆ ಖಾಲಿ ಹೊಟ್ಟೆ ಕಡ್ಡಾಯವಲ್ಲ. ಮೂರು ತಿಂಗಳ ಶುಗರ್ ಪರೀಕ್ಷೆಗೂ ಅಲ್ಲ. ಅಂದರೆ ಬೆಳಗಿನ ಕೂಲಿ ಬಿಟ್ಟು ಹಸಿದು ಕಾಯಬೇಕಾಗಿಲ್ಲ, ಮಧ್ಯಾಹ್ನವೂ ರಕ್ತ ಕೊಡಬಹುದು.

ಕಾಗದ ಕೈಗೆ ಬಂದಾಗ ಗಾಬರಿಯಾಗುವ ಒಂದು ವಿಷಯವೂ ಇದೆ. ಟಿ.ಎಸ್.ಎಚ್. ಥೈರಾಯ್ಡ್‌ನ ಹಾರ್ಮೋನಲ್ಲ. ಥೈರಾಯ್ಡ್‌ಗೆ "ಕೆಲಸ ಮಾಡು" ಎಂದು ಮಿದುಳಿನ ಬುಡದಿಂದ ಬರುವ ಹುಕುಂ. ಗ್ರಂಥಿ ನಿಧಾನವಾದಷ್ಟೂ ಹುಕುಂ ಜೋರಾಗುತ್ತದೆ. ಆದ್ದರಿಂದ ಟಿ.ಎಸ್.ಎಚ್. ಹೆಚ್ಚು ಬಂದರೆ ಸಾಮಾನ್ಯವಾಗಿ ಥೈರಾಯ್ಡ್ ಕಡಿಮೆ ಎಂದರ್ಥ.

ಗುಳಿಗೆ ನುಂಗುವ ಕ್ರಮ

ಎರಡೂ ಕಾಯಿಲೆ ಇರುವ ನಮ್ಮ ಅವ್ವಂದಿರು ಮಾಡುವ ದೊಡ್ಡ ತಪ್ಪು ಒಂದೇ. ಎಲ್ಲ ಗುಳಿಗೆ ಅಂಗೈಯಲ್ಲಿಟ್ಟುಕೊಂಡು ಬೆಳಗಿನ ಚಹಾದ ಜೊತೆ ಒಮ್ಮೆಲೇ ನುಂಗುವುದು.

ಥೈರಾಯ್ಡ್ ಗುಳಿಗೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಚಹಾ, ಹಾಲು, ತಿಂಡಿ ಬೇಡ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಇದ್ದರೆ ನಡುವೆ ನಾಲ್ಕು ಗಂಟೆ ಅಂತರ ಇರಲಿ. ಇಲ್ಲದಿದ್ದರೆ ಥೈರಾಯ್ಡ್ ಗುಳಿಗೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಶುಗರ್ ಗುಳಿಗೆಯನ್ನು ವೈದ್ಯರು ಹೇಳಿದ ಹೊತ್ತಿಗೆ, ಊಟದ ಲೆಕ್ಕಕ್ಕೆ ತಕ್ಕಂತೆ ತೆಗೆದುಕೊಳ್ಳಿ.

ಥೈರಾಯ್ಡ್ ಚಿಕಿತ್ಸೆ ಶುರುವಾದ ಮೊದಲ ತಿಂಗಳುಗಳಲ್ಲಿ ಶುಗರ್ ಬದಲಾಗುತ್ತದೆ. ಹೆಚ್ಚು ಸಲ ಪರೀಕ್ಷೆ ಮಾಡಿಸಿ, ಅಂಕಿ ಬರೆದಿಡಿ, ವೈದ್ಯರಿಗೆ ತೋರಿಸಿ. ಚಿಗವ್ವನಿಗೆ ಎರಡೂ ಗುಳಿಗೆ ಹೊಂದಿಕೊಳ್ಳಲು ನಾಲ್ಕೈದು ತಿಂಗಳು ಹಿಡಿಯಿತು. ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ. ಈ ಲೇಖನ ಓದಿಯೂ ಮಾಡಬೇಡಿ.

ನಾವು ಕೇಳುವುದು

ಆರೋಗ್ಯ ಇಲಾಖೆಗೆ: ಶುಗರ್ ಗುಳಿಗೆ ಕೊಡುವಾಗ ಆಶಾ ಅಕ್ಕನವರ ಫಾರ್ಮಿನಲ್ಲಿ ನಾಲ್ಕು ಪ್ರಶ್ನೆ ಸೇರಿಸಿ. ಥಂಡಿ ತಾಳಲು ಕಷ್ಟವಾಗುತ್ತದೆಯಾ, ತೂಕ ಬದಲಾಗಿದೆಯಾ, ಎದೆ ಹೊಡೆದುಕೊಳ್ಳುತ್ತದೆಯಾ, ಶುಗರ್ ಕುಸಿದು ಬಿದ್ದಿದ್ದೀರಾ? ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ಒಂದಕ್ಕೆ ಹೌದು ಎಂದವರನ್ನು ವೈದ್ಯರ ಹತ್ತಿರ ಕಳಿಸಿ. ಥೈರಾಯ್ಡ್ ರಕ್ತಪರೀಕ್ಷೆಗೆ ವಾರಕ್ಕೊಂದು ದಿನ ಗೊತ್ತು ಮಾಡಿ, ಆ ದಿನ ಸೋಮವಾರವೂ ಗುರುವಾರವೂ ಆಗದಿರಲಿ. ಮಾರುಕಟ್ಟೆಯ ದಿನ ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ವರದಿಯನ್ನು ಫೋನಿಗೆ ಕಳಿಸಿದರೆ ಇನ್ನೊಂದು ದಿನದ ಕೂಲಿಯೂ ಉಳಿಯುತ್ತದೆ. ನಿಧಾನವಾದ ಥೈರಾಯ್ಡ್‌ಗೆ ಕೊಡುವ ಲಿವೋಥೈರಾಕ್ಸಿನ್ ಗುಳಿಗೆ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೇ ಇದೆ. ಶುಗರ್ ಗುಳಿಗೆ ಸಿಗುವ ಕಿಟಕಿಯಲ್ಲೇ ಅದೂ ಸಿಗಲಿ.

ಗೋದಾಮಿನ ಮಾಲೀಕರಿಗೆ: ಒಂದು ಡಬ್ಬಿ ಸಕ್ಕರೆ, ಕುಡಿಯುವ ನೀರು, ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುವು. ಯಾರಾದರೂ ಬೆವತು ನಡುಗಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ನೋಡಿ, ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ.

ಮನೆಯವರಿಗೆ: ಅವ್ವನ, ಚಿಗವ್ವನ, ಅತ್ತೆಯ ಮಾತನ್ನು ನಂಬಿ. "ಮೈ ಭಾರ ಆಗೈತಿ" ಅಂದರೆ ಅದು ಮೈಗಳ್ಳತನ ಅಲ್ಲದಿರಬಹುದು. ಹಾಗೆಂದು ಶುಗರ್ ಪಥ್ಯ ಬಿಡಬೇಕಿಲ್ಲ. ಅಯೋಡಿನ್ ಉಪ್ಪನ್ನೂ ಬಿಡಬೇಡಿ. ಅಯೋಡಿನ್ ಇಲ್ಲದಿದ್ದರೆ ಥೈರಾಯ್ಡ್ ಹಾರ್ಮೋನು ತಯಾರಾಗುವುದಿಲ್ಲ.

ಚಿಗವ್ವ ಈಗ ಮತ್ತೆ ತುಂಬು ಬಿಡಿಸಲು ಹೋಗುತ್ತಾರೆ. ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡಿರುತ್ತಾರೆ. ಮುಖದ ಬಾವು ಇಳಿದಿದೆ. ಹೋದ ವಾರ ನಮ್ಮ ಗೆಳತಿ ಮಾತಾಡಿಸಿದಾಗ ಒಂದೇ ಮಾತು ಅಂದರು: "ನಾ ಹೋಳಿಗಿ ತಿಂದಿಲ್ಲ ಅಂತ ಆವಾಗ ಒಬ್ಬರಾದ್ರೂ ನಂಬಿದ್ದರ ಸಾಕಾಗಿತ್ತವ್ವಾ."

ನಿಮ್ಮ ಮನೆಯಲ್ಲೂ ಹೀಗೆ ಹೇಳುತ್ತಿರುವವರು ಇರಬಹುದು. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಅವರನ್ನು ಮೇಲಿನ ನಾಲ್ಕು ಪ್ರಶ್ನೆ ಕೇಳಿ.